ಸಾಮಾನ್ಯ ವ್ಯಕ್ತಿಯ ಸಹಿ

ಸಮಿತಿಯ ಪಟ್ಟಿಯಲ್ಲಿ ಏಳು ಹೆಸರುಗಳಿದ್ದವು. ಇಬ್ಬರು ಡಾಕ್ಟರು, ಒಬ್ಬರು ವಕೀಲರು, ಮನಃಶಾಸ್ತ್ರ ಕಲಿಸುವ ಮೂವರು, ಕೊನೆಯಲ್ಲಿ ನಾನು. ಪ್ರತಿಯೊಬ್ಬರ ಹೆಸರಿನ ಎದುರಿಗೂ ಅವರವರ ಓದು, ಹುದ್ದೆ ಬರೆದಿತ್ತು. ನನ್ನ ಹೆಸರಿನ ಎದುರಿಗೆ ‘ಸಾಮಾನ್ಯ ವ್ಯಕ್ತಿ’ ಎಂದಿತ್ತು. ಅದನ್ನು ಓದಿ ನನ್ನ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

“ಇಷ್ಟು ವರ್ಷ ನಾನು ಬಾಯಲ್ಲಿ ಹೇಳ್ತಿದ್ದೆ. ಇವರು ಟೈಪ್ ಮಾಡಿ ಸೀಲ್ ಹಾಕ್ಬುಟ್ಟವ್ರೆ ಕಣೇ,” ಅಂದಳು.

ಆ ಅಕ್ಕ ಹೋಗಿ ಕೆಲವು ವರ್ಷಗಳಾದವು. ಈಗ ಇದನ್ನು ಬರೆಯಲು ಕೂತಿದ್ದೇನೆ. ನಾನು ಮಠದ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಎದೆ ಇಷ್ಟು, ತೋಳು ಇಷ್ಟು ಎಂದು ಅಳತೆ ಬರೆದು ಅಭ್ಯಾಸವಿದೆಯೇ ಹೊರತು ಇಂಥದ್ದನ್ನು ಬರೆದು ಅಭ್ಯಾಸವಿಲ್ಲ. ಆದರೆ ಅಕ್ಕನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕದೊಳಗೆ ನಾಲ್ಕು ಸಾಲು ಅಚ್ಚಾಗಿದೆ, ಅದು ತಪ್ಪು. ಅದಕ್ಕಾಗಿ ಬರೆಯುತ್ತಿದ್ದೇನೆ.

ನಜರ್‌ಬಾದಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು. ನನಗೆ ಮದುವೆಯಾಗಲಿಲ್ಲ, ಅದರ ಕತೆ ಇಲ್ಲಿ ಬೇಡ. ತೊಂಬತ್ತರ ದಶಕದ ಉದ್ದಕ್ಕೂ ಯಾದವಗಿರಿಯ ಒಬ್ಬ ಮೇಡಂ ನನ್ನ ಹತ್ತಿರವೇ ರವಿಕೆ ಹೊಲಿಸುತ್ತಿದ್ದರು. ಮನಃಶಾಸ್ತ್ರದ ಪ್ರೊಫೆಸರು. ತಮ್ಮ ಬಂಗಲೆಯ ಮುಂಭಾಗದಲ್ಲಿ, ಮನಸ್ಸಿಗೆ ಪೆಟ್ಟು ಬಿದ್ದವರನ್ನು ಕೂರಿಸಿ ಮಾತಾಡಿಸುವ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದರು. ಅಳತೆ ಕೊಡುವಾಗ ಕೈ ಎತ್ತಿ ನಿಂತುಕೊಂಡೇ, ಊಟ ಆಯಿತಾ, ಬೆನ್ನು ನೋವು ಹೇಗಿದೆ ಎಂದು ಕೇಳುತ್ತಿದ್ದರು. ನಾನು ಉತ್ತರ ಹೇಳುವವರೆಗೂ ಕಾಯುತ್ತಿದ್ದರು. ಹಾಗೆ ಕಾಯುವ ಗಿರಾಕಿ ನನಗೆ ಇನ್ನೊಬ್ಬರಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ರವಿಕೆ ತೆಗೆದುಕೊಂಡು ಹೋಗಲು ಬಂದವರು ಕುರ್ಚಿಯಲ್ಲಿ ಕೂತರು.

“ನಮ್ಮಲ್ಲಿ ಸಂಶೋಧನೆ ಶುರು ಮಾಡ್ತಿದೀವಿ ಕಣ್ರೀ. ಜನರನ್ನ ಕೂರಿಸ್ಕೊಂಡು, ಅವರ ಮನಸ್ಸನ್ನ ಕೇಳಿ ಮಾಡೋ ಸಂಶೋಧನೆ. ಅದಕ್ಕೆ ಮುಂಚೆ ಒಂದು ಕಮಿಟಿ ನೋಡಿ, ಇದರಿಂದ ಜನಕ್ಕೆ ತೊಂದರೆ ಇಲ್ಲ ಅಂತ ಒಪ್ಪಿಗೆ ಕೊಡ್ಬೇಕು. ಎಥಿಕ್ಸ್ ಕಮಿಟಿ ಅಂತಾರೆ. ಅದರಲ್ಲಿ ಬರೀ ಓದಿದೋರು ಇದ್ರೆ ಸಾಲದು, ಹೊರಗಿನೋರು ಒಬ್ಬರು ಇರ್ಬೇಕು. ನೀವು ಬನ್ನಿ.”

“ನನಗೇನು ಅರ್ಥ ಆಗುತ್ತೆ ಮೇಡಂ?”

“ಅರ್ಥ ಆಗ್ದೆ ಇರೋದು ಯಾವುದು ಅಂತ ನೀವು ಹೇಳ್ಬೇಕು. ಅದೇ ನಿಮ್ಮ ಕೆಲಸ.”

ನಾನು ಬಂಗಲೆಯ ಊಟದ ಮೇಜಿನ ತುದಿಯಲ್ಲಿ ಕೂತ ಮೊದಲ ಸಭೆ ಚೆನ್ನಾಗಿ ನೆನಪಿದೆ. ಯಾರೋ ಒಬ್ಬರು ಶಾಲೆಯ ಮಕ್ಕಳಿಗೆ ಒಂದು ಲೆಕ್ಕದ ಪರೀಕ್ಷೆ ಕೊಟ್ಟು, ಚೆನ್ನಾಗಿ ಮಾಡಿದವರಿಗೂ ನೀನು ಫೇಲು ಎಂದು ಹೇಳಿ, ಆಮೇಲೆ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಬೇಕೆಂದಿದ್ದರು. ಡಾಕ್ಟರು ಏನೋ ಕೇಳಿದರು, ವಕೀಲರು ಏನೋ ಕೇಳಿದರು. ಮೇಡಂ ನನ್ನ ಕಡೆ ತಿರುಗಿದರು.

“ಸುಳ್ಳು ಹೇಳಿದ್ದು ಅಂತ ಆ ಮಕ್ಕಳಿಗೆ ಯಾವಾಗ ಹೇಳ್ತೀರಾ?” ಎಂದೆ.

“ಸ್ಟಡಿ ಮುಗಿದ ಮೇಲೆ, ಒಂದು ತಿಂಗಳಿಗೆ,” ಅಂದರು ಆ ಸಂಶೋಧನೆ ಮಾಡುವವರು.

“ಒಂದು ತಿಂಗಳು ಆ ಮಗು ಮನೆಯಲ್ಲಿ ಹೇಗೆ ಊಟ ಮಾಡುತ್ತೆ? ಅವತ್ತೇ, ಬೆಲ್ ಹೊಡೆಯೋಕೆ ಮುಂಚೆ ಹೇಳಿ ಕಳಿಸಿ.”

ವಕೀಲರು “ಬರ್ಕೊಳ್ಳಿ” ಅಂದರು. ನಾನು ಹೇಳಿದ್ದನ್ನು ನಡಾವಳಿಯಲ್ಲಿ ಬರೆದರು: ಭಾಗವಹಿಸಿದವರು ಮನೆಗೆ ಹೋಗುವ ಮುನ್ನ ನಿಜ ತಿಳಿಸತಕ್ಕದ್ದು. ಕಾಫಿ ಕೊಡುವಾಗ ಮೇಡಂ ನನ್ನ ಭುಜ ಮುಟ್ಟಿದರು. ಅವತ್ತು ನಾನು ಬಸ್ಸು ಹತ್ತದೆ ಮನೆವರೆಗೂ ನಡೆದುಕೊಂಡೇ ಬಂದೆ. ಯಾಕೋ ಕೂರಬೇಕು ಅನ್ನಿಸಲಿಲ್ಲ.

ಸಭೆ ಸೇರುವುದು ಮೂರು ತಿಂಗಳಿಗೊಮ್ಮೆ ಎಂದಿತ್ತು. ಬರಬರುತ್ತಾ ಎಲ್ಲರೂ ಒಂದೇ ದಿನ ಸಿಗುವುದು ಕಷ್ಟವಾಯಿತು. ಆಗ ಫೈಲೇ ಮನೆ ಮನೆಗೆ ಬರತೊಡಗಿತು. ಸಂಸ್ಥೆಯ ಅಟೆಂಡರು ಐವತ್ತು ದಾಟಿದ ಮನುಷ್ಯ, ಸೈಕಲ್ಲಿನ ಹಿಂದೆ ಫೈಲು ಕಟ್ಟಿಕೊಂಡು ಬರುತ್ತಿದ್ದ. ಒಳಗೆ ಇಂಗ್ಲಿಷಿನ ಕಾಗದಗಳು. ಎಲ್ಲೆಲ್ಲಿ ನನ್ನ ಸಹಿ ಬೇಕೋ ಅಲ್ಲಲ್ಲಿ ಮೇಡಂ ಪೆನ್ಸಿಲ್ಲಿನಲ್ಲಿ ಸಣ್ಣ ಗುಣಾಕಾರದ ಗುರುತು ಹಾಕಿರುತ್ತಿದ್ದರು. ನಾನು ಮೆಷಿನ್ನಿನಿಂದ ಏಳದೆ, ಹೊಲಿಗೆಯ ಬಟ್ಟೆ ಪಕ್ಕಕ್ಕೆ ಸರಿಸಿ, ಗುರುತಿನ ಮೇಲೆ ಸಹಿ ಹಾಕಿ, ರಬ್ಬರಿನಿಂದ ಪೆನ್ಸಿಲ್ಲು ಅಳಿಸಿ ಕೊಡುತ್ತಿದ್ದೆ. ಒಂದು ಸಲವಾದರೂ ಇದರಲ್ಲೇನಿದೆ ಎಂದು ಕೇಳಲಿಲ್ಲ. ಮೇಡಂ ಓದಿರುತ್ತಾರೆ ಎಂಬ ಧೈರ್ಯ. ನಮ್ಮ ಮನೆಯಲ್ಲಿ ಅಪ್ಪ ತೋರಿಸಿದ ಕಡೆ ಅಮ್ಮ ಹೆಬ್ಬೆಟ್ಟು ಒತ್ತುತ್ತಿದ್ದಳು. ನನಗೆ ಸಹಿ ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ಅಕ್ಕನ ಗಂಡ, ನನ್ನ ಭಾವ, ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದವರು. ಮಕ್ಕಳಿರಲಿಲ್ಲ. ಅವರು ಪ್ರತಿ ಭಾನುವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುತ್ತಿದ್ದರು. ಒಂದು ಭಾನುವಾರ ಇಳಿದು ಬಂದು, ಜಗಲಿಯ ಮೇಲೆ ಕೂತು ಚಪ್ಪಲಿ ಬಿಚ್ಚಲು ಬಗ್ಗಿದವರು ಮತ್ತೆ ಏಳಲಿಲ್ಲ. ಒಂದು ಚಪ್ಪಲಿ ಕಾಲಲ್ಲೇ ಇತ್ತು. ಅಕ್ಕ ಒಳಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಎರಡು ದಿನ ಇರುವಾಗ, ಮನೆ ತುಂಬ ನೆಂಟರು ಇರುವಾಗ, ಅಟೆಂಡರು ಫೈಲು ತಂದ. ವಿಷಯ ಗೊತ್ತಾಗಿ ಹಿಂದಕ್ಕೆ ಹೋಗಲು ನೋಡಿದ. ನಾನೇ ಕರೆದೆ. ಮೇಡಂಗೆ ತೊಂದರೆಯಾಗಬಾರದು ಎಂದು, ತರಕಾರಿ ಹೆಚ್ಚುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೂರು ಕಡೆ ಸಹಿ ಹಾಕಿದೆ. ರಬ್ಬರು ಸಿಗಲಿಲ್ಲ. ಪೆನ್ಸಿಲ್ ಗುರುತು ಹಾಗೇ ಉಳಿಯಿತು.

ಅಕ್ಕ ನನ್ನ ಜೊತೆಗೇ ಇರಲು ಬಂದಳು. ಅಳಲಿಲ್ಲ. ಕೆಲಸ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ನನ್ನನ್ನು ಗೇಲಿ ಮಾಡುವುದನ್ನೂ ಬಿಡಲಿಲ್ಲ. ಆದರೆ ನಮ್ಮ ಕಿಟಕಿಯಿಂದ ಬೆಟ್ಟ ಕಾಣುತ್ತದೆ. ಅವಳು ಯಾವಾಗಲೂ ಆ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ತಟ್ಟೆಯಲ್ಲಿ ಬಡಿಸಿಕೊಂಡಿದ್ದನ್ನು ಕಲಸಿ, ಕಲಸಿ, ಎದ್ದು ಹೋಗಿ ಪಕ್ಕದ ಮನೆಯ ಹಸುವಿನ ಬಾನಿಗೆ ಹಾಕಿ ಬರುತ್ತಿದ್ದಳು. ಎರಡು ತಿಂಗಳು ನೋಡಿ ನಾನು ಮೇಡಂಗೆ ಹೇಳಿದೆ.

“ಸರಿಯಾದ ಟೈಮಿಗೆ ಹೇಳಿದ್ರಿ,” ಅಂದರು ಅವರು. “ಗಂಡನ್ನ ಕಳ್ಕೊಂಡ ಹೆಂಗಸರಿಗೇ ಅಂತ ಒಂದು ಗುಂಪು ಶುರು ಮಾಡ್ತಿದೀವಿ. ಪ್ರತಿ ಶುಕ್ರವಾರ. ಕೂತು ಮಾತಾಡಿದ್ರೆ ಹಗುರ ಆಗುತ್ತೆ. ನನ್ನ ಸ್ಟೂಡೆಂಟ್ ಒಬ್ಬಳು ಅದರ ಮೇಲೆ ಪಿಎಚ್‌ಡಿನೂ ಮಾಡ್ತಿದಾಳೆ. ಕಳಿಸಿ, ನಿಮ್ಮಕ್ಕ ಬೇರೆ ಅಲ್ಲ, ನಮ್ಮಕ್ಕ ಬೇರೆ ಅಲ್ಲ.”

ಅಕ್ಕನಿಗೆ ಮನಸ್ಸಿರಲಿಲ್ಲ. “ಗುಂಪು ಕಟ್ಕೊಂಡು ಅಳೋಕೆ ನಾನೇನು ಭಜನೆಗೆ ಹೋಗ್ತೀನಾ?” ಅಂದಳು. ನಾನು ಬಲವಂತ ಮಾಡಿದೆ. ಮೊದಲ ದಿನ ಜೊತೆಗೂ ಹೋದೆ. ಒಂದು ಒಪ್ಪಿಗೆ ಪತ್ರ ಕೊಟ್ಟರು, ಕನ್ನಡದಲ್ಲೇ ಇತ್ತು: ಸ್ವಂತ ಇಚ್ಛೆಯಿಂದ ಭಾಗವಹಿಸುತ್ತೇನೆ, ಬೇಡವೆನಿಸಿದಾಗ ಬಿಡಬಹುದು. ಅಕ್ಕ ನನ್ನ ಮುಖ ನೋಡಿದಳು. “ಹಾಕು, ನಮ್ಮ ಮೇಡಂದು,” ಅಂದೆ. ಹಾಕಿದಳು.

ಆಮೇಲೆ ಪ್ರತಿ ಶುಕ್ರವಾರ ಒಬ್ಬಳೇ ಬಸ್ಸು ಹತ್ತಿ ಹೋಗುತ್ತಿದ್ದಳು. ಹೋಗುವ ದಿನ ತಲೆ ಬಾಚಿ, ವಿಭೂತಿ ಇಟ್ಟುಕೊಂಡು, ನಮ್ಮ ಕುಂಡದ ಮಲ್ಲಿಗೆ ಒಂದು ಮೊಳ ಕಟ್ಟಿ ಎಲೆಯಲ್ಲಿ ಸುತ್ತಿಕೊಳ್ಳುತ್ತಿದ್ದಳು. ಅದು ಆ ಪಿಎಚ್‌ಡಿ ಹುಡುಗಿಗೆ. ಬಂದ ಮೇಲೆ ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು.

“ಒಳಗಡೆ ಒಂದು ರೂಮದೆ. ಅಲ್ಲಿ ಏಳೆಂಟು ಜನ ಮೇಡಂ ಜೊತೆ ಕೂತ್ಕೊಂಡು ಮಾತಾಡ್ತವ್ರೆ. ಬಾಗ್ಲು ಹಾಕಿರ್ತದೆ. ನಾವು ಏಳೆಂಟು ಜನ ವರಾಂಡದಲ್ಲಿ. ಆ ಹುಡುಗಿ ಪ್ರಶ್ನೆ ಓದ್ತಾಳೆ, ನಾವು ಹೇಳ್ತೀವಿ, ಅವಳು ಟಿಕ್ ಹಾಕ್ತಾಳೆ.”

“ನೀನು ಒಳಗೆ ಹೋಗಲ್ವಾ?”

“ನನ್ನ ಪಾಳಿ ಬಂದಿಲ್ಲ ಕಣೇ. ಒಳಗಿರೋರಿಗೆ ಹೆಚ್ಚು ಕಷ್ಟ ಇರ್ಬೇಕು, ಅವರದು ಮೊದ್ಲು ಮುಗೀಲಿ. ಒಬ್ಬಳಂತೂ ಹೊರಗೆ ಬರುವಾಗ ಮುಖ ಎಲ್ಲ ಕೆಂಪಗೆ ಮಾಡ್ಕೊಂಡು ಬತ್ತಾಳೆ. ಪಾಪ. ಮುಂದಿನ ವಾರ ನನ್ನ ಪಾಳಿ ಬಂದ್ರೂ ಅವಳಿಗೇ ಬುಟ್ಕೊಡ್ತೀನಿ.”

ಇನ್ನೊಂದು ಶುಕ್ರವಾರ ಬಂದವಳೇ, “ಈ ವಯಸ್ಸಲ್ಲಿ ಪರೀಕ್ಷೆ ಬರೀತಾ ಕೂತಿವ್ನಿ. ಫೇಲಾದ್ರೆ ಸೆಪ್ಟೆಂಬರ್‌ಗೆ ಕಟ್ಬೋದಾ ಕೇಳು ನಿಮ್ಮ ಮೇಡಂನ,” ಅಂದಳು. ಕೈಯಲ್ಲಿ ಒಂದು ಖಾಲಿ ಪ್ರಶ್ನೆಪತ್ರಿಕೆ ಇತ್ತು. ಹುಡುಗಿಯ ಹತ್ತಿರ ಒಂದು ಹೆಚ್ಚಿಗೆ ಉಳಿದಿತ್ತಂತೆ, ಕೇಳಿ ತಂದಿದ್ದಳು. ನಾನು ಓದಿದೆ. ಕಳೆದ ವಾರ ನಿದ್ರೆ ಬಾರದೆ ಕಷ್ಟವಾಯಿತೇ? ಊಟ ಸೇರದೆ ಹೋಯಿತೇ? ತೀರಿಕೊಂಡವರ ನೆನಪು ತಡೆಯಲಾಗದಷ್ಟು ಬಂತೇ? ಬದುಕು ಬೇಡ ಎನ್ನಿಸಿತೇ? ಪ್ರತಿಯೊಂದರ ಮುಂದೆಯೂ ಐದು ಚೌಕ. ಇಲ್ಲವೇ ಇಲ್ಲ ಎಂಬುದರಿಂದ ಯಾವಾಗಲೂ ಎಂಬುದರವರೆಗೆ.

“ನೀನು ಏನು ಹೇಳ್ದೆ?”

“ಇಲ್ಲಮ್ಮ, ಇಲ್ಲಮ್ಮ, ಇಲ್ಲಮ್ಮ. ಎಲ್ಲದಕ್ಕೂ ಇಲ್ಲ.”

“ಅಯ್ಯೋ, ಸುಳ್ಳಲ್ವಾ?”

“ಮತ್ತೇನು ಹೇಳ್ಲಿ? ಆ ಮಗೂಗೆ ಮದ್ವೆ ಆಗಿ ತಿಂಗಳಾಗಿಲ್ಲ. ಎರಡೂ ಕೈ ತುಂಬ ಹಸಿರು ಬಳೆ. ಶುಕ್ರವಾರ ಬೇರೆ, ಎದುರಿಗೆ ದೀಪ ಉರೀತದೆ. ಅದು ಪ್ರತಿ ಸಲ ನಿಮ್ಮ ಯಜಮಾನರು ತೀರ್ಕೊಂಡಾಗ ಅಂತ ಓದುವಾಗ ನನಗೆ ಎದೆ ಝಲ್ ಅಂತದೆ. ಅವಳ ಮುಂದೆ ಕೂತ್ಕೊಂಡು ನಾನು ಅದನ್ನೆಲ್ಲ ಬಾಯಿ ಬಿಟ್ಟು ಆಡ್ಲಾ? ನನ್ನ ಗಾಳಿ ಅವಳಿಗೆ ಯಾಕೆ? ಒಳಗೆ ಮೇಡಂ ಹತ್ರ ಹೇಳ್ತೀನಿ ಬುಡು, ಪಾಳಿ ಬರ್ಲಿ.”

ನಾನು ನಕ್ಕೆ. ನಿನ್ನ ಬುದ್ಧಿಗೆ ಏನು ಹೇಳೋದು ಎಂದು ಮೆಷಿನ್ನು ತುಳಿಯತೊಡಗಿದೆ. ಅವತ್ತು ಒಂದು ಮದುವೆ ಮನೆಯ ಬಟ್ಟೆ ಮುಗಿಸಬೇಕಿತ್ತು.

ಸುಮಾರು ಆರು ತಿಂಗಳು ಹೀಗೆ ನಡೆಯಿತು. ಒಂದು ಶುಕ್ರವಾರ ಅಕ್ಕ ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಳು. ಎಲ್ಲರಿಗೂ ಕೊಟ್ಟರಂತೆ. ಇನ್ನು ಬರುವುದು ಬೇಡ, ಮುಗಿಯಿತು, ತುಂಬ ಉಪಕಾರವಾಯಿತು ಎಂದರಂತೆ. “ಪಾಸ್ ಮಾಡ್ಬುಟ್ರು ಅನ್ಸ್ತದೆ,” ಅಂದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕಿಟಕಿಗೆ ಬೆನ್ನು ಹಾಕಿ ಕೂತಳು. “ಒಂದ್ ಸಲಾನಾದ್ರೂ ಒಳಗೆ ಕರೀಬಹುದಿತ್ತು,” ಅಂದಳು.

ಮುಂದಿನ ಸಲ ಮೇಡಂ ರವಿಕೆಗೆ ಬಂದಾಗ ಕೇಳಿದೆ. “ನಿಮ್ಮಕ್ಕ ಎಷ್ಟು ಚೆನ್ನಾಗಿ ಸುಧಾರಿಸ್ಕೊಂಡಿದಾರೆ ಗೊತ್ತಾ? ಅವರಿಗೆ ಅದರ ಅಗತ್ಯಾನೇ ಇರ್ಲಿಲ್ಲ ಕಣ್ರೀ,” ಅಂದರು. ಮೈ ಇಳಿದಿದ್ದ ಅಕ್ಕನ ರವಿಕೆಗಳನ್ನೆಲ್ಲ ನನ್ನ ಕೈಯಾರೆ ಎರಡೆರಡು ಸಲ ಒಳಗೆ ಹಿಡಿದು ಹೊಲಿದಿದ್ದೆ. ಆದರೂ ಮೇಡಂ ಹೇಳಿದ ಮೇಲೆ ಇರಬಹುದು ಎಂದುಕೊಂಡೆ.

ಆ ವರ್ಷದ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ನಾಲ್ಕು ದಿನಕ್ಕೆ ಎದೆಗೆ ಇಳಿಯಿತು. ಜ್ವರ ದೊಡ್ಡದೇನಲ್ಲ, ತಡೆದುಕೊಳ್ಳಲು ಮೈಯಲ್ಲಿ ಏನೂ ಉಳಿದಿಲ್ಲ ಎಂದರು ಆಸ್ಪತ್ರೆಯಲ್ಲಿ. ಒಂಬತ್ತನೆಯ ದಿನ ಹೋದಳು. ಆ ಕೋಣೆಯೊಳಗೆ ಕೂತು ಮಾತಾಡಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಅದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಅವಳು ಕಾದಳು ಎಂಬುದು ಮಾತ್ರ ಗೊತ್ತು.

ಸಮಿತಿ ಮತ್ತೆ ಮೇಜಿನ ಸುತ್ತ ಸೇರಿದ್ದು ಅದಾಗಿ ವರ್ಷವಾದ ಮೇಲೆ. ಮುಗಿದ ಸಂಶೋಧನೆಗಳ ವರದಿ ಕೇಳುವ ಸಭೆ. ಅದೇ ಹುಡುಗಿ ಬಂದಳು. ಥೀಸಿಸ್ಸು ಅಚ್ಚಾಗಿ ದಪ್ಪ ರಟ್ಟು ಹಾಕಿಸಿಕೊಂಡಿತ್ತು. ನಾನು ಇದ್ದುದರಿಂದ ಕನ್ನಡದಲ್ಲೇ ಹೇಳಿದಳು. ಗಂಡನನ್ನು ಕಳೆದುಕೊಂಡ ಹೆಂಗಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಸಾಂತ್ವನದ ಮಾತುಕತೆ. ಇನ್ನೊಂದು ಗುಂಪಿಗೆ ಏನೂ ಇಲ್ಲ, ಪ್ರಶ್ನೆ ಮಾತ್ರ, ಹೋಲಿಸಿ ನೋಡಲು. ಎರಡನೆಯ ಗುಂಪಿನವರಿಗೆ ಇದನ್ನು ತಿಳಿಸಿರಲಿಲ್ಲ, ತಿಳಿಸಿದರೆ ಉತ್ತರಗಳು ಬದಲಾಗುತ್ತಿದ್ದವು. ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು.

“ಆಶ್ಚರ್ಯ ಅಂದ್ರೆ, ವರಾಂಡದಲ್ಲಿ ಕಾದವರಲ್ಲೂ ಕೆಲವರು ತಾವಾಗೇ ಸುಧಾರಿಸಿದ್ರು. ಒಬ್ಬರಂತೂ ಮೊದಲ ವಾರದಿಂದ ಕೊನೇವರೆಗೂ ಒಂದೇ ಒಂದು ಲಕ್ಷಣ ಹೇಳ್ಲಿಲ್ಲ. ನಮ್ಮ ಹೆಂಗಸರಲ್ಲಿ ಸಹಜವಾಗೇ ಇರೋ ಶಕ್ತಿ ಇದು ಅಂತ ಅವರ ಬಗ್ಗೆ ಬೇರೆಯಾಗಿ ಬರೆದಿದೀನಿ.”

ನನ್ನ ಕೈ ಮೇಜಿನ ಮೇಲಿತ್ತು, ಅದನ್ನು ಮಡಿಲಿಗೆ ಎಳೆದುಕೊಂಡೆ. ಫೈಲು ನೋಡಬೇಕು ಎಂದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ವಕೀಲರು ತೆಗೆದುಕೊಟ್ಟು, ಯಾವ ಸಾಲು ಏನು ಹೇಳುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಕಾದವರಿಗೆ ತಿಳಿಸುವುದಿಲ್ಲ ಎಂಬ ಸಾಲು. ಅದರ ಕೆಳಗೆ ನನ್ನ ಸಹಿ. ಸಹಿಯ ಹಿಂದೆ, ಅಳಿಸದೆ ಉಳಿದ ಪೆನ್ಸಿಲ್ಲಿನ ಗುರುತು.

“ನೀವೇ ಹಾಕಿದೀರಲ್ಲಮ್ಮ,” ಅಂದರು ವಕೀಲರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

ನಾನು ಹುಡುಗಿಗೆ ಹೇಳಿದೆ. “ಆ ಒಬ್ಬರು ನನ್ನ ಅಕ್ಕ. ನೀನು ಆಗ ಹಸಿರು ಬಳೆ ತೊಟ್ಟಿದ್ದೆ. ಮದುವೆಯಾದ ಹೊಸದು. ನಿನ್ನ ಮುಂದೆ ಸಾವಿನ ಮಾತು ಆಡಬಾರದು ಅಂತ ಅವಳು ಎಲ್ಲಕ್ಕೂ ಇಲ್ಲ ಅಂದಳು. ನಿಜ ಹೇಳೋಕೆ ಒಳಗೆ ಕರೀತಾರೆ ಅಂತ ಕಾಯ್ತಿದ್ದಳು. ಅವಳು ತೀರ್ಕೊಂಡು ವರ್ಷ ಆಯ್ತು. ಅದನ್ನ ತೆಗೆದುಬಿಡಮ್ಮ.”

ಹುಡುಗಿ ತನ್ನ ಮಣಿಕಟ್ಟು ನೋಡಿಕೊಂಡಳು. ಈಗ ಅಲ್ಲಿ ಒಂದು ಗಡಿಯಾರ ಮಾತ್ರ ಇತ್ತು. “ಮಲ್ಲಿಗೆ ತರ್ತಿದ್ರಲ್ಲ, ಅವರಾ?” ಅಂದಳು. ಅವಳ ಕಣ್ಣು ತುಂಬಿತು. ಆದರೆ ಅವಳು ಮೇಡಂ ಕಡೆ ನೋಡಿದಳು. ಮೇಡಂ, “ಕೊಟ್ಟ ಉತ್ತರ ಉತ್ತರಾನೇ. ಆಮೇಲೆ ಬದಲಾಯಿಸೋ ಹಾಗಿಲ್ಲ,” ಅಂದರು.

ಸಭೆ ಮುಗಿದ ಮೇಲೆ ಮೇಡಂ ವರಾಂಡಕ್ಕೆ ಬಂದರು. ಅಕ್ಕ ಕೂರುತ್ತಿದ್ದ ಬೆಂಚು ಅಲ್ಲೇ ಇತ್ತು.

“ನಿಮ್ಮಕ್ಕ ಅಂತ ಚೀಟಿ ಎತ್ತದೆ ಒಳಗೆ ಕೂರಿಸಿದ್ರೆ ಅದು ಮೋಸ ಆಗ್ತಿತ್ತು. ಅರ್ಥ ಮಾಡ್ಕೊಳ್ಳಿ,” ಅಂದರು.

“ಯಾರಿಗೆ ಮೋಸ ಮೇಡಂ?”

ಅವರು ಸೆರಗು ಸರಿಪಡಿಸಿಕೊಂಡರು.

“ಚೀಟಿ ಎತ್ತಿ, ಬೇಡ ಅನ್ನಲ್ಲ. ಆದರೆ ಮುಗಿದ ದಿನ ಡಬ್ಬಿ ಕೊಟ್ಟಿರಲ್ಲ, ಅವತ್ತಾದ್ರೂ ಹೇಳ್ಬಹುದಿತ್ತು. ಮನೆಗೆ ಹೋಗೋಕೆ ಮುಂಚೆ ನಿಜ ಹೇಳ್ಬೇಕು ಅಂತ ಈ ಮನೆಯಲ್ಲೇ ಬರೆಸಿದ್ದೆ. ನೀವು ನನ್ನ ಭುಜ ಮುಟ್ಟಿದ್ರಿ.”

“ಅದು ಮಕ್ಕಳ ಸ್ಟಡಿ,” ಅಂದರು ಮೇಡಂ. ಅವರ ದನಿ ಸಣ್ಣಗಾಗಿತ್ತು. “ನಿಮಗೆ ಫೈಲು ಕಳಿಸಿದ್ದೆ. ನೀವು ಕೇಳ್ತೀರಿ ಅಂದ್ಕೊಂಡಿದ್ದೆ.”

ನಾನು ಗೇಟು ದಾಟಿ ಬಂದೆ. ಅವರು ಆಮೇಲೆ ನನ್ನ ಹತ್ತಿರ ರವಿಕೆ ಹೊಲಿಸಲಿಲ್ಲ. ಅವರ ಅಳತೆ ನನ್ನ ಪುಸ್ತಕದಲ್ಲಿ ಇನ್ನೂ ಇದೆ. ಇಷ್ಟು ವರ್ಷ ಹತ್ತಿರದಿಂದ ಬಲ್ಲೆ ಎಂದುಕೊಂಡಿದ್ದ ಮನುಷ್ಯರ ತೋಳು, ಬೆನ್ನು ಮಾತ್ರ ನನಗೆ ಗೊತ್ತಿತ್ತು.

ಎರಡು ತಿಂಗಳಿಗೆ ಅಟೆಂಡರು ಸೈಕಲ್ಲಿನಲ್ಲಿ ಬಂದ. ಹೊಸ ಫೈಲು, ಅದೇ ಪೆನ್ಸಿಲ್ ಗುರುತುಗಳು.

“ಇದರಲ್ಲಿ ಏನಿದೆಯಪ್ಪಾ?” ಎಂದೆ.

“ನಂಗೇನು ಗೊತ್ತಕ್ಕಾ, ಇಂಗ್ಲಿಸ್ನಾಗದೆ. ಹಾಕ್ಬುಡಿ, ಇನ್ನೂ ಮೂರು ಮನೆಗೆ ಓಗ್ಬೇಕು, ಬಿಸ್ಲು.”

ಗುರುತಿದ್ದ ಮೂರು ಕಡೆಯೂ ಸಹಿಯ ಜಾಗದಲ್ಲಿ ‘ಓದಿಲ್ಲ’ ಎಂದು ಕನ್ನಡದಲ್ಲಿ ಬರೆದು ಕೊಟ್ಟೆ. ಅವನು ನೋಡಿ, “ಇದೇನಕ್ಕಾ, ಪರೀಕ್ಷೇಲಿ ಐಕಳು ಬರ್ದಂಗೆ,” ಎಂದು ನಗುತ್ತಾ ಕಟ್ಟಿಕೊಂಡು ಹೋದ. ಮತ್ತೆ ಫೈಲು ಬರಲಿಲ್ಲ. ಸಂಸ್ಥೆಗೆ ಹೂವು ಹಾಕುವಾಕೆಯನ್ನು ಸಾಮಾನ್ಯ ವ್ಯಕ್ತಿ ಮಾಡಿಕೊಂಡರು ಎಂದು ಆಮೇಲೆ ಕೇಳಿದೆ. ಆಕೆ ಸಿಕ್ಕರೆ ಹೇಳಬೇಕೆಂದು ಮಾರ್ಕೆಟ್ಟಿನಲ್ಲಿ ನೋಡುತ್ತಿರುತ್ತೇನೆ.

ಅಕ್ಕ ಕೇಳಿ ತಂದಿದ್ದ ಆ ಖಾಲಿ ಪ್ರಶ್ನೆಪತ್ರಿಕೆ ಸ್ಟೀಲ್ ಡಬ್ಬಿಯಲ್ಲಿದೆ. ಒಂದು ಮಧ್ಯಾಹ್ನ ತೆಗೆದು ಮೆಷಿನ್ನಿನ ಮೇಲೆ ಹರಡಿದೆ. ಸೀಮೆಸುಣ್ಣ ಬಿಟ್ಟು ಪೆನ್ನು ತೆಗೆದುಕೊಂಡೆ. ಅವರು ತಿದ್ದದಿದ್ದರೆ ನಾನಾದರೂ ನಿಜ ತುಂಬಿ ಇಡಬೇಕೆಂದು. ನಿದ್ರೆ: ಯಾವಾಗಲೂ ಕಷ್ಟ. ಪಕ್ಕದಲ್ಲೇ ಮಲಗುತ್ತಿದ್ದೆ, ನನಗೆ ಗೊತ್ತು. ಊಟ: ಯಾವಾಗಲೂ ಸೇರದು. ಹಸುವಿನ ಬಾನಿ ನೋಡಿದ್ದೇನೆ. ನೆನಪು: ಯಾವಾಗಲೂ. ಕಿಟಕಿಗೆ ಬೆನ್ನು. ಹೀಗೆ ಒಂದೊಂದೇ ಟಿಕ್ ಹಾಕುತ್ತಾ ಬಂದೆ. ಬದುಕು ಬೇಡ ಎನ್ನಿಸಿತೇ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

ಆ ಹುಡುಗಿ ಹಸಿರು ಬಳೆ ತೊಟ್ಟುಕೊಂಡು ಅದನ್ನು ಪ್ರತಿ ವಾರ ಅಕ್ಕನನ್ನು ಕೇಳಿದ್ದಳು. ನಾನು ಒಂದು ದಿನವೂ ಕೇಳಿರಲಿಲ್ಲ. ನನ್ನ ಕೈಗೆ ಬಳೆಯೂ ಇರಲಿಲ್ಲ, ನನ್ನ ಮುಂದೆ ಅವಳು ಏನು ಬೇಕಾದರೂ ಹೇಳಬಹುದಿತ್ತು. ಸುಳ್ಳಲ್ವಾ ಎಂದು ನಕ್ಕು ಮೆಷಿನ್ನು ತುಳಿದಿದ್ದೆ.

ಆ ಪ್ರಶ್ನೆಯ ಐದು ಚೌಕಗಳನ್ನೂ ಹಾಗೇ ಬಿಟ್ಟು, ಕಾಗದ ಮಡಿಸಿ ಡಬ್ಬಿಗೆ ಹಾಕಿದೆ. ಅವಳ ಪರವಾಗಿ ಇನ್ನೊಂದು ಗುರುತು ಹಾಕಲು ನನಗೆ ಕೈ ಬರಲಿಲ್ಲ.